ಎಡಗೈ ಗಂಟು

ಮಾರ್ಚ್ 3, ಭಾನುವಾರ

ಪಂತಾಲೆಯೊ ಜೌಗಿಗೆ ಇಳಿದು ಇವತ್ತಿಗೆ ಒಂದು ತಿಂಗಳಾಯಿತು. ಮೇಣದಬತ್ತಿ ಹಬ್ಬದ ಮಾರನೇ ದಿನ, ಹಾವುಮೀನಿನ ಬಲೆ ನೋಡಿ ಬರುತ್ತೇನೆ ಎಂದು ಹೋದವನು. ದಡದಲ್ಲಿ ಅವನ ಬೂಟುಗಳು ಒಂದರ ಪಕ್ಕ ಒಂದು ಹಾಗೇ ಇದ್ದವು, ಕಾಲುಚೀಲ ಸುರುಳಿ ಸುತ್ತಿ ಒಳಗೆ ತುರುಕಿತ್ತು. ನಮ್ಮ ಗಂಡಸರು ಬರಿಗಾಲಲ್ಲೇ ಇಳಿಯುವುದು. ದಡದಲ್ಲಿ ಬೂಟು ಇದ್ದರೆ ಆಳು ಒಳಗಿದ್ದಾನೆ ಎಂದು ಅರ್ಥ, ಯಾರೂ ಅದನ್ನು ಮುಟ್ಟುವಂತಿಲ್ಲ. ನಾನು ಒಂದು ವಾರ ಕಾದೆ. ಮಳೆ ಹಿಡಿಯಿತೆಂದು ಬೂಟು ಎತ್ತಿಕೊಂಡು ಬಂದೆ. ಅದಕ್ಕೆ ಪಸ್ಕಾ ಅತ್ತೆ ಇವತ್ತಿಗೂ ಬೈಯುತ್ತಾರೆ.

"ಬೂಟು ತಂದ್ಬಿಟ್ಟೆಯಲ್ಲೇ ದೊನಾತಾ, ಇನ್ನು ಅವನು ಎಲ್ಲಿ ಅಂತ ದಡ ಹತ್ತಬೇಕು?"

"ಬೂಟಿಲ್ಲ ಅಂತ ನೀರಲ್ಲೇ ಕೂತಿರೋ ಗಂಡಸು ನಿಮ್ಮ ಮಗ ಒಬ್ಬನೇ ಇರ್ಬೇಕು ಅತ್ತೆ," ಅಂದೆ. ನಕ್ಕರು. ಆಮೇಲೆ ಬಹಳ ಹೊತ್ತು ಅತ್ತರು.

ನನಗೆ ಅಕ್ಷರ ಕಲಿಸಿದ್ದು ಸಿಸ್ಟರುಗಳು, ಪ್ರಾರ್ಥನೆ ಬರೆದುಕೊಳ್ಳಲಿ ಎಂದು. ಇದನ್ನು ನೋಡಿದರೆ ಕಿವಿ ಹಿಂಡಿಯಾರು. ಆದರೆ ಯಾರ ಹತ್ತಿರ ಹೇಳಲಿ? ನನಗೆ ಅಳು ಬರುತ್ತಿಲ್ಲ. ಬಾಗಿಲು ಕಿರುಗುಟ್ಟಿದರೆ ಅವನೇ ಬಂದನೇನೋ ಎಂದು ಎದೆ ಧಸಕ್ಕೆನ್ನುತ್ತದೆ. ಖಾಲಿಯಾಗುತ್ತಿರುವ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಅವನು ಬರಲೇ ಇಲ್ಲವಲ್ಲ ಎಂದು ಮತ್ತೆ ಹಾಗೇ ಆಗುತ್ತದೆ. ಮಗಳು ಚೆಸಾರಿಯಾ ಮಾತ್ರ ಈ ಒಂದು ತಿಂಗಳಿಂದ ಕಾಲು ಚಾಚಿ ಮಲಗುತ್ತಿದ್ದಾಳೆ. ಹುಟ್ಟಿದಾಗಿನಿಂದ ಮುದುಡಿ ಮಲಗಿದ ಹುಡುಗಿ, ಇಷ್ಟು ಉದ್ದ ಇದ್ದಾಳೆಂದು ನನಗೇ ಗೊತ್ತಿರಲಿಲ್ಲ.

ಮಾರ್ಚ್ 10, ಭಾನುವಾರ

ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು ಮೈದುನ ಇಪ್ಪಾತ್ಸಿಯೊ ಬಂದಿದ್ದ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅವನು ಟೋಪಿ ತೆಗೆದನೆಂದರೆ ಏನೋ ಕೇಳಲು ಬಂದಿದ್ದಾನೆಂದೇ ಲೆಕ್ಕ.

"ಅತ್ತಿಗೆ, ಅಣ್ಣನ ಆತ್ಮಕ್ಕೆ ಒಂದು ಪೂಜೆ ಮಾಡಿಸ್ಬಿಡೋಣ. ಖರ್ಚೆಲ್ಲ ನಂದು."

ಉರಿದುಳಿದ ಮೇಣದ ತುಂಡನ್ನೂ ಜೇಬಿಗೆ ಹಾಕಿಕೊಳ್ಳುವ ಮನುಷ್ಯ ಇವನು. ನನಗೆ ಅರ್ಥವಾಯಿತು. ಸತ್ತವರ ಪೂಜೆ ಆದರೆ ಪಂತಾಲೆಯೊನ ಪಾಲು ಖಾಲಿ. ಜೌಗು ಯಾರ ಅಪ್ಪನದೂ ಅಲ್ಲ. ಸಂತ ಜುಸೆಪ್ಪೆಯ ದಿನ ಯಾರು ಯಾವ ಜೊಂಡಿಗೆ ತಮ್ಮ ಗಂಟು ಹಾಕುತ್ತಾರೋ ಅದು ಆ ವರ್ಷಕ್ಕೆ ಅವರದು. ಜೂನ್‌ನಲ್ಲಿ ಸಂತ ಜೊವಾನ್ನಿಯ ದಿನ ಕಿತ್ತು ಮನೆಗೆ ತರಬೇಕು. ಹೆಂಗಸರಿಗೆ ಗಂಟಿಲ್ಲ. ನಾವು ಜೊಂಡನ್ನು ಬೇಯಿಸುತ್ತೇವೆ, ಗಂಧಕದ ಹೊಗೆ ಕೊಟ್ಟು ಬಿಳುಪು ಮಾಡುತ್ತೇವೆ, ಕುರಿಗಾಹಿಗಳಿಗೆ ಚೀಸ್ ಸೋಸುವ ಬುಟ್ಟಿ ಹೆಣೆದು ಮಾರುತ್ತೇವೆ, ಬೆರಳು ಸೀಳಿಕೊಳ್ಳುತ್ತೇವೆ. ಗಂಟು ಮಾತ್ರ ಗಂಡಸಿನದು.

"ಹೂಳದೆ ಇರೋನ ಪಾಲು ಅವನದೇ ಕಣೋ," ಅಂದರು ಅತ್ತೆ, ಮೂಲೆಯಿಂದ.

"ಹೌದಮ್ಮ, ಇಲ್ಲ ಅಂದೋರ್ಯಾರು? ಆದ್ರೆ ಅವನ ಗಂಟು ಬೀಳಬೇಕಲ್ಲ? ಬೀಳದಿದ್ರೆ ನಾನೇ ಹಾಕ್ತೀನಿ. ಹೊರಗಿನೋರು ಬಂದು ಹಾಕೋ ಬದಲು." ನನ್ನ ಕಡೆ ತಿರುಗಿದ. "ಚೆಸಾರಿಯಾದು ಚಿಂತೆ ಬೇಡ ಅತ್ತಿಗೆ. ಧಣಿ ಮನೇಲಿ ಅಡುಗೆಗೆ ಹುಡುಗಿ ಬೇಕಂತೆ. ಒಂದು ಮಾತು ಹಾಕಿಟ್ಟಿದ್ದೀನಿ."

ಧಣಿಯ ಮನೆಗೆ ಹೋದ ಹುಡುಗಿಯರು ಹೇಗೆ ತಿರುಗಿ ಬರುತ್ತಾರೆಂದು ಊರಿಗೆಲ್ಲ ಗೊತ್ತು. ಚೆಸಾರಿಯಾ ಹೆಣೆಯುತ್ತಿದ್ದ ಬುಟ್ಟಿ ಕೆಳಗಿಟ್ಟು ಎದ್ದು ಹೋದಳು. ನನ್ನ ಉಸಿರಿರುವವರೆಗೆ ಅವಳು ಆ ಹೊಸ್ತಿಲು ತುಳಿಯಬಾರದು. ಈ ವರ್ಷದ ಜೊಂಡು ನಮ್ಮ ಮನೆಗೆ ಬರಲೇಬೇಕು. ಅದಕ್ಕೆ ಸಂತ ಜೊವಾನ್ನಿಯವರೆಗೆ ಪಂತಾಲೆಯೊ ಬದುಕಿರಬೇಕು.

ಮಾರ್ಚ್ 15, ಶುಕ್ರವಾರ

ಅತ್ತೆಗೆ ಕಣ್ಣು ಅರ್ಧ ಹೋಗಿದೆ, ಧೈರ್ಯ ಪೂರ್ತಿ ಇದೆ. ಇವತ್ತು ನನ್ನನ್ನು ಎದುರಿಗೆ ಕೂರಿಸಿಕೊಂಡು ನೆನೆಸಿದ ಹಳೆ ಜೊಂಡು ಕೈಗೆ ಕೊಟ್ಟರು.

"ಗಂಡಸರ ಗಂಟಂತೆ! ಪಂತಾಲೆಯೊಗೆ ಕಲಿಸಿದ್ದೇ ನಾನು. ಅವರಪ್ಪ ಸತ್ತಾಗ ಇನ್ನೂ ಇಷ್ಟುದ್ದ ಇದ್ದ. ಎದುರಿಗೆ ಕೂತು ತೋರಿಸ್ದೆ, ಅವನು ಕನ್ನಡೀಲಿ ನೋಡ್ದಂಗೆ ಎಡಗೈಲಿ ಕಲಿತ. ಈ ಊರಲ್ಲಿ ಇನ್ಯಾರ ಗಂಟೂ ಆ ಕಡೆಗೆ ತಿರುಗಲ್ಲ."

ಮೂರು ಕಡ್ಡಿ ಸೇರಿಸಿ ಎಡಕ್ಕೆ ಹೊಸೆಯಬೇಕು, ಎರಡು ಸುತ್ತು ಸುತ್ತಿ ತುದಿಯನ್ನು ಕೆಳಮುಖವಾಗಿ ತೂರಿಸಬೇಕು. ಬಲಗೈಯಲ್ಲಿ ಹಾಕಿದರೆ ಹೊಸೆತ ಬಲಕ್ಕೆ ಬೀಳುತ್ತದೆ, ಮಗು ಕೂಡ ಕಂಡುಹಿಡಿಯುತ್ತದೆ. ನನ್ನ ಎಡಗೈ ಶುದ್ಧ ದಡ್ಡ. ಜೊಂಡಿನ ಮೇಲೆ ಹಿಡಿತವೂ ಸಿಗುವುದಿಲ್ಲ. ಎಲೆಯಿಲ್ಲ, ಗಿಣ್ಣಿಲ್ಲ, ಬುಡದಿಂದ ತುದಿಯವರೆಗೆ ಒಂದೇ ನುಣುಪು, ಒಳಗೆ ಬರೀ ಬಿಳಿ ತಿರುಳು. ಹೂವು ಕೂಡ ತುದಿಯಲ್ಲಿ ಬಿಡುವುದಿಲ್ಲ, ಯಾರೋ ಪಕ್ಕದಲ್ಲಿ ಚುಚ್ಚಿ ಗಾಯ ಮಾಡಿದಂತೆ ಅಲ್ಲಿಂದ ಕಂದು ಗೊಂಚಲಾಗಿ ಒಡೆಯುತ್ತದೆ. ಚೆಸಾರಿಯಾ ನನ್ನ ಗಂಟು ನೋಡಿ ಹೊಟ್ಟೆ ಹಿಡಿದು ನಕ್ಕಳು.

"ಅಮ್ಮ, ಇದು ಅಪ್ಪನ ಗಂಟಲ್ಲ, ಅಪ್ಪ ಕುಡಿದು ಬಿದ್ದಿರೋ ಗಂಟು."

ಮೂವರೂ ನಕ್ಕೆವು. ಈ ಮನೆಯಲ್ಲಿ ಇಷ್ಟು ಜೋರಾಗಿ ನಗಬಹುದೆಂದು ಮರೆತೇಹೋಗಿತ್ತು.

ಮಾರ್ಚ್ 19, ಮಂಗಳವಾರ, ಸಂತ ಜುಸೆಪ್ಪೆ

ಗಂಡಸರು ಬೆಳಿಗ್ಗೆಯೇ ಗಂಟು ಹಾಕಿ ಬಂದಿದ್ದರು. ಇಪ್ಪಾತ್ಸಿಯೊ ನಮ್ಮ ಪಾಲನ್ನು ನಾಳೆಗೆ ಬಿಟ್ಟಿದ್ದ, ಅಣ್ಣನಿಗೆ ಒಂದು ದಿನದ ಮರ್ಯಾದೆ. ಮಧ್ಯಾಹ್ನ ಊರೆಲ್ಲ ಸಂತನ ಊಟಕ್ಕೆ ಕೂತಾಗ ನಾನು ಚಿಕೋರಿ ಸೊಪ್ಪಿಗೆ ಹೊರಟವಳಂತೆ ಬುಟ್ಟಿ ಹಿಡಿದು ಇಳಿದೆ. ದಾರಿಯುದ್ದಕ್ಕೂ ಬೆಂದ ಕಡಲೆಯ ವಾಸನೆ. ಹೊಟ್ಟೆ ಚುರುಗುಟ್ಟುತ್ತಿತ್ತು.

ಕೆಸರು ತಣ್ಣಗೆ ಕಾಲನ್ನು ಹಿಡಿದುಕೊಂಡಿತು. ಗಾಳಿ ಇರಲಿಲ್ಲ, ಆದರೂ ಜೊಂಡು ಒಂದಕ್ಕೊಂದು ಉಜ್ಜಿ ಕೀಚಲು ಸದ್ದು ಮಾಡುತ್ತಿತ್ತು, ಒದ್ದೆ ತಟ್ಟೆಯ ಮೇಲೆ ಬೆರಳೆಳೆದಂತೆ. ಮೊದಲ ಕೆಲವು ಗಂಟು ಬಿಚ್ಚಿಕೊಂಡವು. ಅಳು ಬಂತು, ಬೈದುಕೊಂಡೆ, ಮತ್ತೆ ಹಾಕಿದೆ. ಆಮೇಲೆ ಕೈಗೆ ಅದೇನು ಬಂತೋ, ನನ್ನನ್ನು ಕೇಳದೆಯೇ ಹಾಕುತ್ತಾ ಹೋಯಿತು. ಈಚೆ ದಡದಿಂದ ನಮ್ಮ ಪಾಲಿನ ನಡುವಿರುವ ಕೊಳದವರೆಗೆ ಹಾಕಿದೆ. ಕೊಳದ ಆಚೆಗೆ ಹೋಗಲಿಲ್ಲ. ಅಲ್ಲಿ ಜೊಂಡು ನನ್ನ ತಲೆಗಿಂತ ಎತ್ತರ, ಒಳಗೆ ಯಾರೋ ಕೂತು ಕಡ್ಡಿ ಅಗಿಯುತ್ತಿರುವಂತೆ ಕೇಳಿಸಿತು. ಪಂತಾಲೆಯೊ ಹಾಗೆ ಅಗಿಯುತ್ತಿದ್ದ. ತಿರುಗಿ ನೋಡದೆ ಬಂದೆ.

ಭಯ ಆಯಿತು, ಖುಷಿಯೂ ಆಯಿತು. ಎರಡೂ ಸುಳ್ಳಲ್ಲ.

ಮಾರ್ಚ್ 21, ಗುರುವಾರ

ಇಪ್ಪಾತ್ಸಿಯೊ ನಿನ್ನೆ ಬೆಳಿಗ್ಗೆ ನಮ್ಮ ಪಾಲಿಗೆ ಇಳಿದವನು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಹೋಟೆಲಿನವರೆಗೆ ಓಡಿದನಂತೆ. "ಅಣ್ಣನ ಗಂಟು! ಹಸೀ ಗಂಟು!" ಬಾವಿಯ ಹತ್ತಿರ ನಾನು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಪಾದ್ರಿ ಡಾನ್ ಬ್ಯಾಜೊ ಮನೆಯವರೆಗೂ ಬಂದರು.

"ದೊನಾತಾ, ನಿಜ ಹೇಳು. ನಿನ್ನ ಗಂಡ ಮನೆಗೆ ಬರ್ತಿದ್ದಾನೇನು?"

"ಬೂಟು ಮನೇಲಿದೆ ಫಾದರ್. ಕಾಲು ಇನ್ನೂ ಬಂದಿಲ್ಲ."

ಅತ್ತೆ ಬಾಯಿಗೆ ಏಪ್ರನ್ ಒತ್ತಿಕೊಂಡು ಒಳಗೆ ಓಡಿದರು. ಪಾದ್ರಿ ಅದನ್ನು ದುಃಖ ಎಂದುಕೊಂಡು ಆಶೀರ್ವಾದ ಮಾಡಿ ಹೋದರು.

ಏಪ್ರಿಲ್ 7, ಭಾನುವಾರ

ಒಂದು ದಿನ ಬಿಟ್ಟು ಒಂದು ದಿನ ಚಳಿಜ್ವರ. ಪ್ರತಿ ವರ್ಷ ಬರುವುದೇ, ಈ ಸಲ ಬೇಗ ಬಂದಿದೆ. ಕ್ವಿನೈನ್ ನುಂಗಿದರೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ.

ಇವತ್ತು ಜ್ವರ ಬಿಟ್ಟಿತ್ತು, ಪಾಲು ನೋಡಲು ಹೋದೆ. ಜೊಂಡು ಬೆಳೆಯುವುದು ಬುಡದಿಂದ. ಬುಡ ಮೇಲಕ್ಕೆ ತಳ್ಳಿದಂತೆ ಗಂಟೂ ಏರುತ್ತದೆ. ಗಂಟಿನ ಎತ್ತರ ನೋಡಿಯೇ ಯಾವಾಗ ಹಾಕಿದ್ದೆಂದು ಗಂಡಸರು ಹೇಳುತ್ತಾರೆ. ಕಣಕಾಲಿಗೆ ಹಾಕಿದ ನನ್ನ ಗಂಟುಗಳು ಮೊಣಕಾಲು ದಾಟಿದ್ದವು. ಖುಷಿಯಾಯಿತು. ಆಗ ಕೊಳದ ಆಚೆ ಕಣ್ಣು ಹೋಯಿತು.

ಅಲ್ಲೂ ಗಂಟುಗಳಿದ್ದವು. ಎಡಕ್ಕೆ ಹೊಸೆದವು, ಎರಡು ಸುತ್ತು, ತುದಿ ಕೆಳಗೆ. ಕಣಕಾಲ ಹತ್ತಿರ, ಇನ್ನೂ ಹಸಿರು ಮಾಸಿರಲಿಲ್ಲ. ಈ ವಾರ ಹಾಕಿದವು.

ಅತ್ತೆಗೆ ಹೇಳಿದೆ. "ನೀನೇ ಹಾಕಿ ಮರೆತಿದ್ದೀಯ," ಅಂದರು. ನಾನು ಆ ಕಡೆ ಕಾಲೇ ಇಟ್ಟಿಲ್ಲ. ಕೈಕಾಲು ತಣ್ಣಗಾಗಿದೆ, ಇದು ಜ್ವರದ ಚಳಿಯಲ್ಲ.

ಏಪ್ರಿಲ್ 13, ಶನಿವಾರ

ನನ್ನ ಚಪ್ಪಲಿ ಬಾಯಿ ಬಿಟ್ಟಿತು, ಪಂತಾಲೆಯೊನ ಬೂಟು ಹಾಕಿಕೊಂಡೆ. ಬಟ್ಟೆ ತುರುಕಿದರೆ ಸರಿಹೋಗುತ್ತದೆ. ಸೌದೆ ತಂದು ಅಂಗಳಕ್ಕೆ ಬಂದರೆ ಚೆಸಾರಿಯಾ ಎಲ್ಲೂ ಇಲ್ಲ. ಹುಡುಕಿದರೆ ನೀರಿನ ತೊಟ್ಟಿಯ ಹಿಂದೆ ಮುದುರಿ ಕೂತಿದ್ದಾಳೆ.

"ಬೂಟಿನ ಸದ್ದು ಕೇಳಿಸ್ತು. ಅಪ್ಪ ಅಂದ್ಕೊಂಡೆ."

ನಕ್ಕೆ. ಅವಳು ನಗಲಿಲ್ಲ. ಬುಡ್ಡಿ ಹಚ್ಚುವಾಗ ಮತ್ತೆ ಕೇಳಿದಳು: "ಅಮ್ಮ, ಬುಧವಾರ ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೆ ಹೋಗ್ಲಿ? ಜ್ವರದಲ್ಲಿ ನಡುಗ್ತಾ ಬಿದ್ದಿದ್ದೆ."

"ಮತ್ತೆ ನಿನ್ನ ಲಂಗದ ಅಂಚೆಲ್ಲ ಯಾಕೆ ಕೆಸರು?"

ಹೊಲದ ಕೆಸರು ಇರಬೇಕು. ಈ ಹುಡುಗಿಗೆ ಇತ್ತೀಚೆಗೆ ಪ್ರಶ್ನೆ ಜಾಸ್ತಿ.

ಏಪ್ರಿಲ್ 24, ಬುಧವಾರ

ಅತ್ತೆ ಇವತ್ತು ಮೊದಲ ತಟ್ಟೆ ನನಗೆ ಕೊಟ್ಟರು. ಪಂತಾಲೆಯೊನ ಕುರ್ಚಿ ಎಳೆದು, "ಇಲ್ಲೇ ಕೂತ್ಕೊ, ದಣಿದಿದ್ದೀಯ," ಅಂದರು. ಕೂತೆ. ಬಾಗಿಲು ಕಾಣುವ ಜಾಗ, ಬೆನ್ನಿಗೆ ಗೋಡೆ. ಅವನು ಯಾಕೆ ಅಲ್ಲೇ ಕೂರುತ್ತಿದ್ದ ಎಂದು ಈಗ ಗೊತ್ತಾಯಿತು. ಬೇಳೆಗೆ ಉಪ್ಪು ಸಾಲದು ಎಂದೆ. ಯಾರೂ ಎದುರು ಮಾತಾಡಲಿಲ್ಲ.

ಚೆಸಾರಿಯಾ ನನ್ನ ಕೈಯನ್ನೇ ನೋಡುತ್ತಿದ್ದಳು. ಚಮಚ ಎಡಗೈಯಲ್ಲಿತ್ತು. ಗಂಟು ಹಾಕಿ ಹಾಕಿ ಆ ಕೈ ಚುರುಕಾಗಿದೆ, ಅಷ್ಟೆ.

ಮೇ 5, ಭಾನುವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಇಪ್ಪಾತ್ಸಿಯೊ ಕುಡುಗೋಲು ಹಿಡಿದು ನಮ್ಮ ಪಾಲಿಗೆ ಇಳಿದಿದ್ದಾನೆ ಎಂದು ಯಾರೋ ಹೇಳಿದರು. ಓಡಿದೆ. ಅವನು ಗಂಟುಗಳನ್ನು ಕತ್ತರಿಸುತ್ತಿದ್ದ.

"ದೆವ್ವಾನೋ ನೀವೋ, ಯಾರ ಆಟ ಆದ್ರೂ ಸಾಕು ಅತ್ತಿಗೆ. ಜೂನ್‌ಗೆ ನಾನೇ ಕೀಳೋದು. ನನಗೂ ಮಕ್ಕಳಿದ್ದಾರೆ."

ನಾನು ದಡದಲ್ಲಿ ನಿಂತೆ. ಕೂಗಾಡಬೇಕೆಂದುಕೊಂಡಿದ್ದೆ, ಆದರೆ ಬಾಯಿಂದ ಮೆಲ್ಲಗೆ ಬಂತು: "ಮತ್ತೆ ಬಾವಿಗೆ ಇಳಿಸ್ಬೇಕೇನೋ ಪಾತ್ಸಿ?"

ಕುಡುಗೋಲು ಕೈಯಿಂದ ಜಾರಿತು. ಮುಖ ಗಂಧಕ ಹಾಕಿದ ಜೊಂಡಿನ ಬಣ್ಣಕ್ಕೆ ತಿರುಗಿತು. "ಅಣ್ಣಾ," ಅಂದ. ನನ್ನನ್ನು ನೋಡಿಕೊಂಡೇ ಅಂದ. ಕೆಸರಲ್ಲಿ ಬಿದ್ದೆದ್ದು ಆಚೆ ದಡದ ಕಡೆ ಓಡಿದ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ, ಬಾವಿ ಅಂದರೇನು ಎಂದು. ಅವರ ಕೈಯಲ್ಲಿದ್ದ ಜಪಸರ ನಿಂತಿತು.

"ಅದು ನಿನಗೆ ಯಾರು ಹೇಳಿದ್ದು? ಸಣ್ಣೋರಿದ್ದಾಗ ಪಂತಾಲೆಯೊ ತಮ್ಮನ ಎರಡೂ ಕಾಲು ಹಿಡಿದು ಬಾವಿಗೆ ತಲೆಕೆಳಗಾಗಿ ಇಳಿಬಿಟ್ಟಿದ್ದ. ನಾನು ಬಂದು ಬಿಡಿಸ್ದೆ. ಊರಿಗೆ ಗೊತ್ತಾಗ್ಬಾರ್ದು ಅಂತ ಮೂರೂ ಜನ ಬಾಯಿ ಮುಚ್ಕೊಂಡಿದ್ವಿ."

ನನಗೆ ಯಾರೂ ಹೇಳಿಲ್ಲ. 'ಪಾತ್ಸಿ' ಎಂದು ಅವನನ್ನು ಕರೆಯುತ್ತಿದ್ದದ್ದು ಪಂತಾಲೆಯೊ, ನಾನಲ್ಲ. ಅತ್ತೆ ಎದ್ದು ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮಬ್ಬುಗಣ್ಣಿಂದ ಬಹಳ ಹೊತ್ತು ನೋಡಿದರು. ಹೆದರಿದ್ದಾರೆಂದುಕೊಂಡೆ. ಅವರು ಮುಗುಳ್ನಗುತ್ತಿದ್ದರು.

ಮೇ 16, ಗುರುವಾರ

ಪಾಲು ಭದ್ರವಾಗಿದೆ. ಯಾರೂ ಹತ್ತಿರ ಸುಳಿಯುತ್ತಿಲ್ಲ. ಕೊಳದ ಆಚೆ ಹೊಸ ಗಂಟುಗಳು ಬೀಳುತ್ತಲೇ ಇವೆ, ಒಂದೇ ಜಾಗದ ಸುತ್ತ. ಬೀಳಲಿ. ನಮ್ಮದೇ ಗಂಟು ತಾನೇ.

ಚೆಸಾರಿಯಾ ಹೆಣೆದ ಬುಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಸಂದಿನಲ್ಲಿ ಬೆಳಕು ಕಂಡಿತು. ಒಲೆಗೆ ಎಸೆದೆ. ಅವಳು ಏನೋ ಗೊಣಗಿದಳು. ಕೈ ಎದ್ದಿತು. ಜೋರಾಗೇನೂ ಬೀಳಲಿಲ್ಲ.

ಆಮೇಲೆ ಸ್ವಲ್ಪ ಹೊತ್ತು ಅಂಗೈ ನೋಡುತ್ತಾ ಕೂತಿದ್ದೆ. ಹುಟ್ಟಿದಾಗಿನಿಂದ ನಾನು ಅವಳಿಗೆ ಹೊಡೆದವಳಲ್ಲ. ಹೊಡೆತ ಬೀಳುವಾಗ ಮಧ್ಯೆ ನಿಂತವಳು. ಅಮ್ಮ ಜಪಸರ ಹಿಡಿದೇ ಮೂಲೆಯಿಂದ ಎದ್ದು ಬಂದು ತಲೆ ಸವರಿ, "ಇರ್ಲಿ ಬಿಡು, ಹೆಣ್ಣುಮಕ್ಕಳಿಗೆ ಭಯ ಇರ್ಬೇಕು," ಅಂದಳು. ಸಮಾಧಾನವಾಯಿತು.

ಜೂನ್ 2, ಭಾನುವಾರ

ಜ್ವರ. ಬಿಟ್ಟ ಮೇಲೆ ಚೆಸಾರಿಯಾ ಹಾಸಿಗೆಯ ಹತ್ತಿರ ಬಂದು ನಿಂತಳು. ಕೈಗೆಟುಕದಷ್ಟು ದೂರ.

"ಜ್ವರದಲ್ಲೇ ಎದ್ದು ನೀನು ಜೌಗಿಗೆ ಹೋದಾಗ ನಾನು ನಿನ್ನ ಹಿಂದೇನೇ ಬಂದಿದ್ದೆ. ನೀನೇ ಹಾಕ್ತಿದ್ದೆ ಗಂಟು. ಕಣ್ಣು ಬಿಟ್ಕೊಂಡೇ, ಎಡಗೈಲಿ, ಕಡ್ಡಿ ಅಗೀತಾ. ಕರೆದೆ. ದೊನಾತಾ ಅಂತ ಹೆಸರು ಹಿಡಿದೂ ಕರೆದೆ. ನೀನು ತಿರುಗಿ ನೋಡ್ಲಿಲ್ಲ. ಪಂತಾಲೆಯೊ ಅಂದ ತಕ್ಷಣ ತಿರುಗ್ದೆ."

"ಹುಚ್ಚು ಹಿಡಿದಿದೆಯೇನೆ ನಿನಗೆ?"

"ಸಾಕು ಮಾಡಮ್ಮ. ಪಾಲು ಹೋದ್ರೆ ಹೋಗ್ಲಿ. ಧಣಿ ಮನೆಗೇ ಹೋಗ್ತೀನಿ ಬೇಕಾದ್ರೆ. ಕಾಲಿಗೆ ಬೀಳ್ತೀನಿ, ಸಾಕು ಮಾಡು."

ಎಷ್ಟು ಕಷ್ಟಪಟ್ಟು ಉಳಿಸಿಕೊಂಡ ಪಾಲು. ಅದನ್ನು ಬಿಟ್ಟುಬಿಡು ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಜೌಗಿನಲ್ಲೇನು ಕೆಲಸ? ಇನ್ನು ಮೇಲೆ ಆ ಕಡೆ ಕಾಲಿಡಬಾರದು ಎಂದು ಹೇಳಿದ್ದೇನೆ.

ಜೂನ್ 11, ಮಂಗಳವಾರ

ಜೊಂಡು ಬಲಿತಿದೆಯೇ ನೋಡಲು ಕೊಳದ ಆಚೆ ಒಂದು ಬುಡ ಕಿತ್ತೆ. ಗಂಟುಗಳು ದಟ್ಟವಾಗಿರುವ ಜಾಗ. ಬೇರಿನ ಹಾಸು ಚಾಪೆಯಂತೆ ಎದ್ದು ಬಂತು. ಬೇರಿಗೆ ಅಂಗಿಯ ತೋಳು ಸಿಕ್ಕಿಕೊಂಡಿತ್ತು. ಮೊಣಕೈಗೆ ಹಾಕಿದ ತೇಪೆಯ ಹೊಲಿಗೆ ನನ್ನದು. ತೋಳಿನೊಳಗೆ ಕೈಯಿತ್ತು.

ಬುಡವನ್ನು ಇದ್ದಲ್ಲೇ ಕೂರಿಸಿ ಕಾಲಿನಿಂದ ಒತ್ತಿದೆ. ಈಗ ಹೇಳಿದರೆ ಪೂಜೆ, ಗುಂಡಿ, ಪಾಲು ಇಪ್ಪಾತ್ಸಿಯೊನದು. ಸಂತ ಜೊವಾನ್ನಿ ಹತ್ತಿರದಲ್ಲೇ ಇದೆ. ಇಷ್ಟು ದಿನ ಇದ್ದವನು ಇನ್ನಷ್ಟು ದಿನ ಇರುತ್ತಾನೆ.

ಹೆದರಿಕೆ ಆಗಲಿಲ್ಲ. ಅದೇ ಆಶ್ಚರ್ಯ. ಕಳೆದುಹೋದ ನನ್ನದೇ ಅಂಗಿ ಸಿಕ್ಕಂತಾಯಿತು.

ಜೂನ್ 24, ಸೋಮವಾರ, ಸಂತ ಜೊವಾನ್ನಿ

ಕಿತ್ತೆವು. ಹಿಡಿ ಹಿಡಿಯಾಗಿ ಹಿಡಿದು ಮೇಲಕ್ಕೆ ಎಳೆದರೆ ಜೊಂಡು ಕಿರುಚಿಕೊಂಡು ಬರುತ್ತದೆ. ಇವತ್ತಿನ ಕಿರುಚು ಊರೆಲ್ಲ ಕೇಳಿಸಿರಬೇಕು. ತಮ್ಮ ದೂರದಲ್ಲಿ ಟೋಪಿ ತೆಗೆದು ನಿಂತಿದ್ದ. ಹತ್ತಿರ ಬರಲಿಲ್ಲ.

ಹೊರೆ ಹೊರಲು ಚೆಸಾರಿಯಾ ಬೇಕಾಯಿತು, ಕರೆದುಕೊಂಡು ಹೋಗಿದ್ದೆ. ಕೊಳದ ಆಚೆ ಕೀಳಬೇಡ ಎಂದೆ. "ಯಾಕೆ?" ಎಂದು ಕೇಳಿದಳು, ನನ್ನ ಮುಖ ನೋಡಿ ಸುಮ್ಮನಾದಳು. ಸಂಜೆಯವರೆಗೆ ಬಗ್ಗಿಸಿದ ಬೆನ್ನು ಎತ್ತದೆ ದುಡಿದಳು. "ನೀವು ಕೂತ್ಕೊಳಿ, ನಾನು ಹೊರ್ತೀನಿ," ಅಂದಳು. ಹುಡುಗಿ ಮರ್ಯಾದೆ ಕಲಿಯುತ್ತಿದ್ದಾಳೆ. ಮೊದಲೆಲ್ಲ ನೀನು ಎಂದೇ ಮಾತಾಡಿಸುತ್ತಿದ್ದಳು.

ಜೊಂಡು ಮನೆಗೆ ಬಂತು. ಗೆದ್ದೆ.

ಜೂನ್ 26, ಬುಧವಾರ

ಊಟದ ಹೊತ್ತಿಗೆ ಅಮ್ಮನಿಗೆ ಹೇಳಿದೆ, ಪಂತಾಲೆಯೊ ಕೊಳದ ಆಚೆ ಬೇರಿನ ಕೆಳಗಿದ್ದಾನೆ ಎಂದು. ಇನ್ನು ಹೇಳಬಹುದು, ಪಾಲು ಬಂದಾಯಿತು.

ಅಮ್ಮ ರೊಟ್ಟಿ ಮುರಿಯುತ್ತಿದ್ದಳು. "ಏನೋ ಮಗನೆ ಇದು, ಕೆಟ್ಟ ಮಾತು? ಇಲ್ಲೇ ಕೂತು ಊಟ ಮಾಡ್ತಾ ಇದ್ದೀಯಲ್ಲ," ಅಂದಳು. ದೊಡ್ಡ ತುಂಡು ನನ್ನ ತಟ್ಟೆಗೆ ಹಾಕಿದಳು.

ಚೆಸಾರಿಯಾ ತಟ್ಟೆ ಬಿಟ್ಟು ಎದ್ದಳು. ಒಲೆಯ ಕಡೆ ಮುಖ ಮಾಡಿ ನಿಂತಳು. ಭುಜ ಕುಲುಕುತ್ತಿತ್ತು. ಆಮೇಲೆ ಪಾದ್ರಿಯ ಮನೆಗೆ ಹೋದಳು. ತಡೆಯಲಿಲ್ಲ. ಅವಳ ಅಪ್ಪ, ಅವಳು ಅಳಬೇಕಾದ್ದೇ.

ಜೂನ್ 28, ಶುಕ್ರವಾರ

ಪೂಜೆಯಾಯಿತು. ತಮ್ಮ ಮತ್ತು ಇನ್ನಿಬ್ಬರು ಹೋಗಿ ಬೇರು ಬಿಡಿಸಿ ತಂದಿದ್ದರು. ಪೆಟ್ಟಿಗೆ ಮುಚ್ಚಿಯೇ ಇತ್ತು. ಅಮ್ಮ ಬರಲಿಲ್ಲ, ಯಾರ ಪೂಜೆ ಎಂದು ಕೇಳಿ ಮನೆಯಲ್ಲೇ ಉಳಿದಳು.

ಇಗರ್ಜಿಯಲ್ಲಿ ಹೋಗಿ ನಿಂತೆ. ಪಾದ್ರಿ ಮಂತ್ರ ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದರು. ಆಗ ಗಮನಿಸಿದೆ, ನಾನು ಗಂಡಸರ ಬದಿಗೆ ನಿಂತಿದ್ದೆ. ಪಕ್ಕದವರು ಸರಿದು ಜಾಗ ಬಿಟ್ಟಿದ್ದರು. ಎದುರು ಬದಿಯಲ್ಲಿ ಕಪ್ಪು ಉಟ್ಟ ಹೆಂಗಸರ ಸಾಲಿನಲ್ಲಿ ಚೆಸಾರಿಯಾ ಒಬ್ಬಳೇ ನಿಂತಿದ್ದಳು, ಅವಳ ಪಕ್ಕದ ಜಾಗ ಖಾಲಿ ಇತ್ತು. ಪೆಟ್ಟಿಗೆಯನ್ನು ಒಮ್ಮೆಯೂ ನೋಡಲಿಲ್ಲ ಅವಳು. ಅಳುತ್ತಾ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು.

ಜುಲೈ 2, ಮಂಗಳವಾರ

ಬೆಳಿಗ್ಗೆ ಅಂಗಳದಲ್ಲಿ ಜೊಂಡು ಬೇಯಿಸಲು ಹಂಡೆ ಏರಿಸಿದ್ದೆ. ಚೆಸಾರಿಯಾ ಬಟ್ಟೆಯ ಗಂಟು ಹಿಡಿದು ಹೊರಗೆ ಬಂದಳು. ಪಟ್ಟಣದಲ್ಲಿ ಹೊಗೆಸೊಪ್ಪಿನ ಗೋದಾಮಿನಲ್ಲಿ ಕೆಲಸ ಸಿಕ್ಕಿದೆಯಂತೆ, ಅಲ್ಲೇ ದೊಡ್ಡಮ್ಮನ ಮನೆಯಲ್ಲಿ ಇರುತ್ತಾಳಂತೆ.

"ಧಣಿ ಮನೆಗೆ ಹೋಗೋದು ತಪ್ತಲ್ಲ. ಇಷ್ಟು ಜೊಂಡಿದೆ ಮನೇಲಿ. ಇನ್ನು ಯಾಕೆ ಹೋಗ್ಬೇಕು?" ಅಂದೆ.

ಅವಳು ಗಂಟನ್ನು ಹೆಗಲಿಗೆ ಏರಿಸಿದಳು. ಅಮ್ಮನ ಕೆನ್ನೆಗೆ ಮುತ್ತಿಟ್ಟಳು. ನನ್ನ ಹತ್ತಿರ ಬರಲು ಒಂದು ಹೆಜ್ಜೆ ಇಟ್ಟಳು, ನಾನು ಕಟ್ಟಿಗೆ ದೂಡಲು ಕೈ ಎತ್ತಿದ್ದಕ್ಕೆ ಬೆಚ್ಚಿ ಹಿಂದೆ ಸರಿದಳು. ಬಾಗಿಲ ಹತ್ತಿರ ಹೋಗಿ ನಿಂತಳು. ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅಮ್ಮ ವಾಪಸ್ ಬಂದ್ರೆ ಹೇಳಿ ಅಪ್ಪ. ನಾನು ದೊಡ್ಡಮ್ಮನ ಮನೇಲಿರ್ತೀನಿ. ಯಾವತ್ತು ಬಂದ್ರೂ ಸರಿ, ಬಾಗಿಲು ತೆಗೀತೀನಿ ಅಂತ ಹೇಳಿ."

ಹೋದಳು. ಹಂಡೆಯಲ್ಲಿ ನೀರು ಕುದಿದು ಉಕ್ಕಿತು, ಬೆಂಕಿ ಆರಿತು. ಎದೆಯೊಳಗೆ ಯಾರೋ ಹೆಂಗಸು ಅತ್ತ ಹಾಗಾಯಿತು, ಬಹಳ ದೂರದಲ್ಲಿ. ಅಮ್ಮ ಊಟಕ್ಕೆ ಕರೆಯುವವರೆಗೂ ದಾರಿ ನೋಡುತ್ತಾ ನಿಂತಿದ್ದೆ.

ಬಂದರೆ ಹೇಳುತ್ತೇನೆ.